ಗಾಳದವರು ತೋರಿಸಿದ ಜಾಗ

ಫೆಬ್ರವರಿ ೫

ಈ ಮನೆಯಲ್ಲಿ ಮಾತಿಗೆ ಬರಗಾಲ ಬಂದಿರುವುದರಿಂದ ಇಂದಿನಿಂದ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಇಷ್ಟು ವರ್ಷ ಸರ್ಕಾರಿ ಇಂಜಿನಿಯರಾಗಿ ಕಡತಗಳಲ್ಲಿ ‘ತಮ್ಮ ಗಮನಕ್ಕೆ ತರಲಾಗಿದೆ’ ಎಂದು ಬರೆದ ಕೈ ಇದು. ಸ್ವಂತ ವಿಷಯವನ್ನು ಯಾರ ಗಮನಕ್ಕೆ ತರುವುದೆಂದು ತಿಳಿಯದೆ ನನ್ನ ಗಮನಕ್ಕೇ ತಂದುಕೊಳ್ಳುತ್ತಿದ್ದೇನೆ.

ಸಂಗತಿ ಇಷ್ಟೇ. ಹೈಸ್ಕೂಲಿನ ಗಣಿತದ ಮೇಷ್ಟ್ರಾದ ನನ್ನ ಗಂಡ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ತೆಗೆದುಕೊಳ್ಳಲಿ, ಅವರ ಸೀಮೆಸುಣ್ಣ, ಅವರ ಇಷ್ಟ. ಆದರೆ ನನಗೆ ಅದು ತಿಳಿದದ್ದು ತರಕಾರಿ ಅಂಗಡಿಯಲ್ಲಿ, ಅವರ ಹೆಡ್‌ಮಾಸ್ಟರ ಹೆಂಡತಿಯ ಬಾಯಿಂದ. “ಬೀಳ್ಕೊಡುಗೆಗೆ ನೀವ್ಯಾಕೆ ಬರ್ಲಿಲ್ಲ?” ಎಂದು ಆಕೆ ಕೇಳಿದರು. “ಆಫೀಸಲ್ಲಿ ಕೆಲ್ಸ ಇತ್ತು” ಎಂದೆ. ಆರಿಸಿಟ್ಟ ಟೊಮೇಟೊ ಅಲ್ಲೇ ಬಿಟ್ಟು ಮನೆಗೆ ಬಂದೆ. ಅಂದು ನಡೆದ ಜಗಳದಲ್ಲಿ ನಾನು ಹೇಳಬಾರದ್ದನ್ನು ಹೇಳಿದೆ, ಅವರು ಹೇಳಬೇಕಾದ್ದನ್ನೂ ಹೇಳಲಿಲ್ಲ. ಹಾಸಿಗೆ ಸುತ್ತಿಕೊಂಡು ಮಹಡಿಯ ಕೋಣೆಗೆ ಹೋದರು.

ಅಂದಿನಿಂದ ಅವರು ಮಹಡಿಯವರು, ನಾನು ಕೆಳಗಿನವಳು. ನಡುವೆ ನಮ್ಮ ಅತ್ತೆ ಟಪಾಲು ಹಂಚುತ್ತಾರೆ. “ಅವಳಿಗೆ ಹೇಳಮ್ಮಾ, ಗೀಸರ್ ಕೆಟ್ಟಿದೆ.” “ಅವರಿಗೆ ಹೇಳಿ ಅತ್ತೆ, ಕಿವಿ ನನಗೂ ಇದೆ.” ಅತ್ತೆ ಎರಡೂ ಕಡೆಯ ಟಪಾಲನ್ನು ತಲುಪಿಸದೆ ಟೀ ಕುಡಿಯುತ್ತಾ ಕೂತಿರುತ್ತಾರೆ.

ಇವತ್ತು ಕೇಂದ್ರ ಕಚೇರಿಗೆ ವರ್ಗಾವಣೆ ಕೇಳಿ ಅರ್ಜಿ ಕೊಟ್ಟೆ. ಒಬ್ಬಳೇ ಹೋಗುವುದು. ಮನೆಯಲ್ಲಿ ಹೇಳಿಲ್ಲ. ಸಾಹೇಬರು ಅರ್ಜಿಯನ್ನು ಎರಡು ಸಲ ಓದಿ, “ಹಳೇ ಜಲಾಶಯದ ಮೀನಿನ ಕೆಲ್ಸ ಮುಗಿಸ್ಕೊಡಿ ಮೇಡಂ. ಚೆನ್ನಾಗಾಗಿದೆ ಅಂತ ಗಾಳದವರ ಸಂಘ ಒಪ್ಪಿಗೆ ಕೊಡ್ಲಿ. ಮಾರನೇ ದಿನವೇ ನಿಮ್ಮನ್ನ ಬಿಡ್ತೀನಿ” ಎಂದರು. ಈ ಮನೆಯಿಂದ ನನ್ನ ಬಿಡುಗಡೆ ಈಗ ಮೀನುಗಳ ಕೈಯಲ್ಲಿದೆ. ಅವಕ್ಕೆ ಕೈಯಿಲ್ಲ ಎಂಬುದು ಬೇರೆ ಮಾತು.

ಫೆಬ್ರವರಿ ೯

ಗಾಳದವರ ಸಂಘದೊಂದಿಗೆ ಮೊದಲ ಸಭೆ. ಇನ್ನು ಪ್ರತಿ ಶನಿವಾರ ಇದೇ ಪಾಡು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಸ್ವಾಗತ ಮಾಡಿ, “ನಮ್ಮ ಹೊಸ ಕಾರ್ಯದರ್ಶಿಗಳು ಈಗ ಎರಡು ಮಾತಾಡ್ತಾರೆ” ಎಂದರು. ಎದ್ದು ನಿಂತವರು ಮಹಡಿಯವರು!

ನಿವೃತ್ತಿಯಾದ ಮೇಲೆ ದಿನವಿಡೀ ಎಲ್ಲಿಗೆ ಹೋಗುತ್ತಾರೆಂಬುದು ಹೀಗೆ ತಿಳಿಯಿತು. ಮನೆಯಲ್ಲಿ ತಿಂಗಳಿಗಾಗುವಷ್ಟು ಮಾತನ್ನು ಐದು ನಿಮಿಷದಲ್ಲಿ ಆಡಿದರು. “ಇಂಜಿನಿಯರ್ ಮೇಡಂ ಅವರು ದಯವಿಟ್ಟು ಯೋಜನೆಯನ್ನ ನಮಗೆಲ್ಲ ಅರ್ಥ ಆಗೋ ಹಾಗೆ ವಿವರಿಸ್ಬೇಕು.” ನಾನೂ, “ಕಾರ್ಯದರ್ಶಿಗಳು ತಾಳ್ಮೆಯಿಂದ ಕೂತ್ರೆ ವಿವರಿಸ್ತೀನಿ” ಎಂದೆ.

ವಿವರಿಸಿದೆ. ಜಲಾಶಯಕ್ಕೆ ವಯಸ್ಸಾಗಿದೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳೆಲ್ಲ ಕೊಳೆತು ಹೋಗಿವೆ. ತಳದ ಬಂಡೆ, ಗುಂಡಿಗಳ ಮೇಲೆಲ್ಲ ಹೂಳು ಕೂತು ನೆಲ ಸಾರಿಸಿದ ಹಾಗೆ ನುಣ್ಣಗಾಗಿದೆ. ಮೀನಿಗೆ ಅಡಗಲು, ಮೊಟ್ಟೆಯಿಡಲು, ಮರಿಗಳನ್ನು ಬಚ್ಚಿಡಲು ಒಂದು ಮೂಲೆಯಿಲ್ಲ. ಮೇಲೆ ನೋಡಿದರೆ ದಂಡೆ ಜಾರುತ್ತದೆ. ಹೋದ ವರ್ಷ ಸ್ವತಃ ಅಧ್ಯಕ್ಷರು ಗಾಳ ಸಮೇತ ನೀರಿಗೆ ಬಿದ್ದಿದ್ದಾರೆ. ಆದ್ದರಿಂದ ನೀರು ಇಳಿದಿರುವಾಗಲೇ ತಳದಲ್ಲಿ ಮರದ ಕೊಂಬೆಗಳ ಕಟ್ಟುಗಳನ್ನು ಕಾಂಕ್ರೀಟ್ ತೂಕ ಕಟ್ಟಿ ಕೂರಿಸುವುದು. ಅವು ಮೀನಿಗೆ ಆಸರೆ. ಅವುಗಳ ಎದುರು ದಂಡೆಯಲ್ಲಿ ಮೆಟ್ಟಿಲು, ಕಂಬಿ, ಕೂತು ಗಾಳ ಹಾಕಲು ನೀರಿನ ಮೇಲಕ್ಕೆ ಚಾಚಿದ ಅಟ್ಟಣೆ. ಅವು ಮನುಷ್ಯರಿಗೆ ಆಸರೆ. ಈಗ ಮೀನು ಚೆನ್ನಾಗಿ ಸಿಗುವ ಜಾಗ ಯಾವುದೆಂದು ಪ್ರತಿಯೊಬ್ಬ ಸದಸ್ಯರೂ ನಕ್ಷೆಯ ಮೇಲೆ ಗುರುತು ಹಾಕಿಕೊಡಬೇಕು. ಕೆಲಸ ಅಲ್ಲೇ ಆಗುತ್ತದೆ.

ಸಭೆ ಇದ್ದಕ್ಕಿದ್ದಂತೆ ಮೌನವಾಯಿತು. ಎಲ್ಲರಿಗೂ ಯೋಜನೆ ಅಷ್ಟು ಹಿಡಿಸಿತೆಂದು ಕಾಣುತ್ತದೆ.

ಫೆಬ್ರವರಿ ೧೬

ನಕ್ಷೆ ಬಂತು. ಆಶ್ಚರ್ಯ! ಎಲ್ಲರೂ ಗುರುತು ಹಾಕಿರುವುದು ಒಂದೇ ಕಡೆ, ಉತ್ತರ ದಂಡೆಯಲ್ಲಿ, ಹಳೇ ಪಂಪ್‌ಹೌಸಿನ ಹಿಂದೆ. ಹಲ್ಲಿನ ಡಾಕ್ಟರರ ಗುರುತು, ಗಡಿಯಾರದ ಅಂಗಡಿಯವರ ಗುರುತು, ಎಲ್ಲವೂ ಇರುವೆ ಸಾಲಿನ ಹಾಗೆ ಅಲ್ಲೇ. ಕಾರ್ಯದರ್ಶಿಗಳು ಕೆಂಪು ಪೆನ್ನಿನಲ್ಲಿ ದುಂಡಗೆ ಸುತ್ತಿ ಅಡಿಗೆರೆ ಬೇರೆ ಎಳೆದಿದ್ದಾರೆ, ಮಕ್ಕಳ ಉತ್ತರಪತ್ರಿಕೆಯ ಮೇಲೆ ಎಳೆದ ಹಾಗೆ.

ಇಂಥ ಒಮ್ಮತವನ್ನು ನಾನು ಯಾವ ಸಭೆಯಲ್ಲೂ ಕಂಡಿಲ್ಲ. ಸಾಹೇಬರಿಗೆ ತೋರಿಸಿದೆ. “ಜನರ ಸಹಭಾಗಿತ್ವ ಅಂದ್ರೆ ಇದು!” ಎಂದರು.

ಮಾರ್ಚ್ ೧೨

ಮೊಣಕಾಲುದ್ದ ಕೆಸರು. ರಸ್ತೆ ಅಗಲಮಾಡಲು ಕಡಿದ ಮರಗಳ ಕೊಂಬೆಗಳು ಲಾರಿಯಲ್ಲಿ ಬಂದವು. ಕಟ್ಟಿ, ತೂಕ ಹಾಕಿ, ಸಾಲಾಗಿ ಕೂರಿಸಿದ್ದಾಯಿತು. ಕೊಂಬೆಗಳ ನಡುವೆ ದೊಡ್ಡ ಮೀನಿಗೆ ಎಷ್ಟು ಜಾಗ, ಮರಿಗೆ ಎಷ್ಟು ಜಾಗ ಎಂದು ಮೇಸ್ತ್ರಿಗೂ ನನಗೂ ವಾದ. ನಾನು ಮೀನಿನ ಸಂಸಾರದ ಚಿಂತೆ ಮಾಡುವ ಕಾಲ ಬಂತು.

ಮನೆಯಲ್ಲಿ ವಿಶೇಷವಿಲ್ಲ. ಗೀಸರ್ ಇನ್ನೂ ಕೆಟ್ಟೇ ಇದೆ.

ಮಾರ್ಚ್ ೨೯

ಅಟ್ಟಣೆಯ ಕಂಬಗಳು ಎದ್ದವು. ಸುಸ್ತು.

ಜೂನ್ ೧೨

ನೀರು ಏರಿತು. ನನ್ನ ಕೊಂಬೆಗಳೆಲ್ಲ ಮುಳುಗಿದವು. ಅಟ್ಟಣೆ ಕೆಳಗೆ ನೀರು ಬೇಕಾದಷ್ಟೇ ಎತ್ತರಕ್ಕೆ ನಿಂತಿದೆ. ಲೆಕ್ಕ ಸರಿಯಾಯಿತೆಂದು ಖುಷಿಯಾಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಹೇಳಿಕೊಳ್ಳಲು ಯಾರೂ ಸಿಗಲಿಲ್ಲ.

ಜೂನ್ ೧೬, ಭಾನುವಾರ

ಮೋಸ!

ಬೆಳಿಗ್ಗೆ ದೋಣಿಯಲ್ಲಿ ತಪಾಸಣೆಗೆ ಹೋದೆ. ರಜಾದಿನ, ಉತ್ತರ ದಂಡೆಯಲ್ಲಿ ಗಾಳದವರು ಕಿಕ್ಕಿರಿದಿರುತ್ತಾರೆ ಎಂದುಕೊಂಡಿದ್ದೆ. ಅಟ್ಟಣೆಯ ಮೇಲೆ ಒಂದು ನಾಯಿ ಮಲಗಿತ್ತು. ಅಷ್ಟೇ.

ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿದರೆ ಪೊದೆಗೊಂದು ಟೋಪಿ ಕಾಣಿಸಿತು. ಹಲ್ಲಿನ ಡಾಕ್ಟರು ನನ್ನನ್ನು ನೋಡಿ ಗಾಳದ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಆ ಕೋಲು ಅವರಿಗಿಂತ ಎರಡರಷ್ಟು ಉದ್ದವಿದೆ. ಗಡಿಯಾರದ ಅಂಗಡಿಯವರು ಹಕ್ಕಿ ನೋಡುತ್ತಿರುವುದಾಗಿ ಹೇಳಿದರು. ಕೊನೆಗೆ ಬಂಡೆಗಳ ಸಂದಿಯ ಮಡುವಿನಲ್ಲಿ, ನೀರಿಗೆ ಗಾಳದ ಬೆಂಡು ತೇಲಿಬಿಟ್ಟು, ಸಾಕ್ಷಾತ್ ಕಾರ್ಯದರ್ಶಿಗಳು.

“ಉತ್ತರ ದಂಡೇಲಿ ಮೀನು ಚೆನ್ನಾಗಿ ಸಿಗುತ್ತೆ ಅಂತ ಕೆಂಪು ಪೆನ್ನಲ್ಲಿ ಬರ್ದಿದ್ರಿ?” ಎಂದೆ.

“ಅಲ್ಲಿ ಯಾವತ್ತೂ ಒಂದು ಮೀನೂ ಸಿಕ್ಕಿಲ್ಲ” ಎಂದರು, ಬೆಂಡಿನಿಂದ ಕಣ್ಣು ತೆಗೆಯದೆ.

“ಮತ್ತೆ?”

“ಗಾಳದವನ ಹತ್ರ ಅವನ ಜಾಗ ಕೇಳ್ಬಾರ್ದು ಮೇಡಂ. ಕೇಳಿದ್ರೆ ಯಾರೂ ಹೋಗದ ಜಾಗ ತೋರಿಸ್ತಾನೆ. ಎಲ್ಲಾರೂ ಅದನ್ನೇ ತೋರಿಸ್ತಾರೆ ಅಂತ ನನಗೇನು ಗೊತ್ತಿತ್ತು?”

ತಿಂಗಳುಗಟ್ಟಲೆ ಕೆಸರಿನಲ್ಲಿ ದುಡಿದದ್ದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು. ಯಾರೂ ಬಾರದ ದಂಡೆಗೆ ಕಂಬಿ, ಮೀನಿಲ್ಲದ ನೀರಿಗೆ ಆಸರೆ! ಸಂಘ ಯಾವ ಬಾಯಲ್ಲಿ ಒಪ್ಪಿಗೆ ಕೊಡುತ್ತದೆ? ನನ್ನ ವರ್ಗಾವಣೆ ನೀರುಪಾಲು. ದೋಣಿಯಲ್ಲಿ ಕೂತು ಅತ್ತೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತೆ.

ಮನೆಗೆ ಬಂದು ನಮ್ಮ ಅತ್ತೆಯ ಮುಂದೆ ಎಲ್ಲ ಕಾರಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅವರಪ್ಪನೂ ಹೀಗೇ ಕಣೇ. ಕಡೇ ದಿನ ಕಿವಿಯ ಹತ್ರ ಬಾ ಅಂತ ಕರೆದ್ರು. ಏನೋ ಪ್ರೀತಿಯ ಮಾತು ಅಂತ ಬಗ್ಗಿದೆ. ಮೀನಿನ ಜಾಗ ಹೇಳಿದ್ರು. ಆಮೇಲೆ ಹೋಗಿ ನೋಡಿಸಿದ್ರೆ ಅದೂ ಸುಳ್ಳು!”

ಜೂನ್ ೨೨

ಸಭೆಯಲ್ಲಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ, “ಇದು ಯಾರ್ಯಾರ ಕೈಬರಹ ಅಂತ ನೋಡ್ಕೊಳ್ಳಿ” ಎಂದೆ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿಯನ್ನು ಪರೀಕ್ಷಿಸಿದರು. ಆ ಹೊತ್ತಿಗೆ ಸಾಹೇಬರು ಬಂದುಬಿಟ್ಟರು. ಅವರಿಗೆ ಏನೂ ತಿಳಿಯದು. “ಸಂಘದವರು ಬೇಗ ಒಪ್ಪಿಗೆ ಕೊಟ್ಬಿಡಿ. ಪಾಪ, ಮೇಡಂ ಕೇಂದ್ರ ಕಚೇರಿಗೆ ವರ್ಗ ಕೇಳಿ ನಾಲ್ಕು ತಿಂಗ್ಳಾಯ್ತು, ಇದಕ್ಕೇ ಕಾಯ್ತಿದ್ದಾರೆ” ಎಂದು ಬಾಯಿತುಂಬ ನಕ್ಕರು.

ನಾನು ಕಿಟಕಿಯ ಕಡೆ ನೋಡಿದೆ. ಕಾರ್ಯದರ್ಶಿಗಳು ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡು ಕೆಂಪು ಗುರುತಿನ ಮೇಲೆ ಬೆರಳಿಟ್ಟರು.

“ಯಾವಾಗ ಹೋಗ್ತೀಯ?” ಎಂದರು. ಸಭೆಯಲ್ಲಿ ‘ಮೇಡಂ’ ಬಿಟ್ಟು ಹೀಗೆ ಕೇಳಿದ್ದು ಸರಿಯಲ್ಲ.

“ಕೆಲಸ ಮುಗಿದ ಮೇಲೆ.”

“ಮುಗೀತು ಅಂತ ಯಾರು ಹೇಳ್ಬೇಕು?”

“ಸಂಘದ ಕಾರ್ಯದರ್ಶಿ.”

“ಓಹೋ” ಎಂದು ಕೂತರು.

ಅರ್ಜಿ ಕೊಟ್ಟದ್ದನ್ನು ನಾನೇ ಹೇಳಬಹುದಿತ್ತು. ಆದರೆ ಅವರು ಮಾತ್ರ ಹೇಳಿದ್ದರೇ? ಲೆಕ್ಕ ಸರಿಹೋಯಿತು ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೆಳಗಿನಿಂದ ಸರಿಯಾಗಿ ಊಟ ಮಾಡಿಲ್ಲ, ಅದಕ್ಕಿರಬೇಕು.

ಜುಲೈ ೧೪

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬುದನ್ನು ಇವತ್ತು ಕಣ್ಣಾರೆ ಕಂಡೆ.

ಮೂರು ವಾರದಿಂದ ದಕ್ಷಿಣ ದಂಡೆಯಲ್ಲಿ ಯಾರ ಗಾಳಕ್ಕೂ ಮೀನು ಕಚ್ಚುತ್ತಿಲ್ಲವಂತೆ. ಮೀನುಗಳಿಗೆ ನಕ್ಷೆಯಲ್ಲಿ ಬರೆದದ್ದು ಸುಳ್ಳೆಂದು ಯಾರೂ ಹೇಳಿರಲಿಲ್ಲ. ಎಲ್ಲಿ ಕೊಂಬೆ, ಎಲ್ಲಿ ನೆರಳು, ಎಲ್ಲಿ ಮರೆ ಎಂದು ಹುಡುಕಿಕೊಂಡು ಸಂಸಾರ ಸಮೇತ ಉತ್ತರ ದಂಡೆಗೆ ಬಂದು ನೆಲೆಸಿವೆ. ಅಟ್ಟಣೆಯ ಕೆಳಗೆ ಸಂಜೆ ನೀರು ಕುದಿಯುವ ಹಾಗೆ ಮೀನು ಹೊರಳುತ್ತದೆ.

ಗಾಳದವರು ಮೊದಲು ಒಬ್ಬೊಬ್ಬರೇ ಬಂದರು, ಸುಮ್ಮನೆ ಗಾಳಿಗೆ ಬಂದವರ ಹಾಗೆ. ಈಗ ಅಟ್ಟಣೆಯ ಮೇಲೆ ಜಾಗ ಹಿಡಿಯಲು ಟವಲು ಹಾಕುತ್ತಾರೆ. ಹಲ್ಲಿನ ಡಾಕ್ಟರು ನನ್ನನ್ನು ತಡೆದು, “ನಮ್ಮ ಮೀನೆಲ್ಲ ಕದ್ಕೊಂಡು ಬಂದ್ರಲ್ಲ ಮೇಡಂ” ಎಂದು ದೂರಿದರು.

“ನೀವು ಹೇಳಿದ ಜಾಗಕ್ಕೇ ತಂದಿದ್ದೀನಿ ಡಾಕ್ಟ್ರೇ. ಸರ್ಕಾರಿ ನಕ್ಷೆಯಲ್ಲಿ ನಿಮ್ಮ ಗುರುತು ಇದೆ” ಎಂದೆ. ಮಾಡಿದ್ದುಣ್ಣೋ ಮಹಾರಾಯ!

ಕೆಲಸ ಗೆದ್ದಿತು. ಇನ್ನು ಒಪ್ಪಿಗೆಯೊಂದೇ ಬಾಕಿ. ಶನಿವಾರ ಕೊಡದೆ ಇರಲು ಕಾರ್ಯದರ್ಶಿಗಳಿಗೆ ಕಾರಣವೇ ಇಲ್ಲ.

ಜುಲೈ ೨೦

ಕಾರಣ ಇದೆಯಂತೆ. ಕಂಬಿ ಎತ್ತರವಾಯಿತಂತೆ. ಕೂತು ಗಾಳ ಎಸೆದರೆ ಮೊಣಕೈ ತಗಲುತ್ತದಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! “ಮೇಡಂ ಒಂದ್ಸಲ ಖುದ್ದಾಗಿ ಕೂತು ನೋಡ್ಬೇಕು” ಎಂದು ಸವಾಲು. ಹೋಗಿ ಕೂತೆ. ಕೋಲು ಕೈಗೆ ಕೊಟ್ಟರು. ಎಸೆದೆ. ಮೊಣಕೈ ಟಕ್ಕೆಂದು ಕಂಬಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಅವರು ನಗಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಮುಲಾಮಿನ ಡಬ್ಬಿ ಮೇಜಿನ ಮೇಲಿತ್ತು. ಅತ್ತೆ ಇಟ್ಟಿರಬೇಕು.

ಕಂಬಿ ತಗ್ಗಿಸಲು ಹೇಳಿದ್ದೇನೆ.

ಜುಲೈ ೨೭

ಕಂಬಿ ಸರಿಯಾಯಿತು. ಈಗ ಮೆಟ್ಟಿಲು ಒದ್ದೆಯಾದರೆ ಜಾರುತ್ತದಂತೆ. ಗಡಿಯಾರದ ಅಂಗಡಿಯವರ ಮೊಣಕಾಲಿಗೆ ಮೆಟ್ಟಿಲು ಎತ್ತರವಂತೆ, ಪಕ್ಕದಲ್ಲೊಂದು ಇಳಿಜಾರು ಬೇಕಂತೆ. ಇದೆಲ್ಲ ಬೇಕೆಂದೇ ಮಾಡುವ ಕಿರುಕುಳ. ನನ್ನನ್ನು ಸತಾಯಿಸುವುದೇ ಅವರಿಗೆ ಸಂತೋಷ. ಸಂಘದವರಿಗೇ ಬೇಸರವಾಗಿದೆ. “ಕೊಟ್ಬಿಡಿ ಸಾರ್ ಒಪ್ಪಿಗೆ” ಎಂದು ಡಾಕ್ಟರು ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಆದರೂ ಇಳಿಜಾರಿನ ವಿಷಯ ನ್ಯಾಯವಾದದ್ದೇ. ನನಗೇ ಹೊಳೆಯಬೇಕಿತ್ತು. ಮನೆಗೆ ಬಂದು ಊಟದ ಮೇಜಿನ ಮೇಲೆ ಅದರ ಚಿತ್ರ ಬಿಡಿಸುತ್ತಿದ್ದೆ. ಮಹಡಿಯಿಂದ ನೀರು ಕುಡಿಯಲು ಇಳಿದು ಬಂದವರು ಹೆಗಲ ಮೇಲಿಂದ ಬಗ್ಗಿ ನೋಡಿ, “ಈ ಕೋನ ಜಾಸ್ತಿ ಆಯ್ತು” ಎಂದರು. ಗಣಿತದ ಮೇಷ್ಟ್ರು ಎಲ್ಲಿ ಬಿಟ್ಟಾರು. ಸರಿಮಾಡಿದೆವು. ನೀರು ಕುಡಿಯುವುದನ್ನು ಮರೆತು ಹೋದರು.

ಆಗಸ್ಟ್ ೩

ಈ ವಾರದ ಆಕ್ಷೇಪಣೆ: ನೆರಳಿಲ್ಲ. ಮುಂದಿನ ವಾರ ಚಂದ್ರ ಇಲ್ಲ ಎನ್ನುತ್ತಾರೆ.

ಚಾವಣಿಗೆ ಅಳತೆ ಹಿಡಿಯಲು ಇವರೇ ಟೇಪಿನ ಇನ್ನೊಂದು ತುದಿ ಹಿಡಿದರು. ಕೆಲಸ ಮುಗಿದ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತೆವು. ನಾನು ಕೇಳಿಯೇಬಿಟ್ಟೆ.

“ನಿವೃತ್ತಿ ವಿಷಯ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ.”

“ಕೇಳ್ದೆ ಇರ್ತಾರಾ?”

“ನನ್ನ ಹತ್ರ ಉತ್ತರ ಇರ್ಲಿಲ್ಲ. ಒಂದಿನ ಬೋರ್ಡಿನ ಮುಂದೆ ನಿಂತ್ರೆ ಸಾಕು ಅನ್ನಿಸ್ಬಿಡ್ತು. ಅಷ್ಟೇ. ಅದನ್ನ ನಿನ್ನಂಥವಳ ಮುಂದೆ ಹೇಗೆ ಹೇಳೋದು? ನಿಂಗೆ ಯಾವತ್ತೂ ಸಾಕು ಅನ್ನಿಸಿಲ್ಲ.”

ನನಗೆ ಎಷ್ಟು ಸಲ ಸಾಕೆನ್ನಿಸಿದೆ ಎಂದು ಹೇಳಿದೆ. ತುಂಬಾ ಹೊತ್ತು ಹೇಳಿದೆ. ವರ್ಗಾವಣೆಯ ಮಾತು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೀಸರ್ ರಿಪೇರಿಯಾಗಿದೆ. ಇಬ್ಬರೂ ಸೇರಿ ಕರೆಸಿದ್ದು.

ಆಗಸ್ಟ್ ೧೦

ಚಾವಣಿ ಬಿತ್ತು, ಅಂದರೆ ಹಾಕಿದ್ದಾಯಿತು. ಆಕ್ಷೇಪಣೆ ಕೇಳಲು ಕಾಗದ, ಪೆನ್ನು, ಟೇಪು ಎಲ್ಲ ಸಿದ್ಧಮಾಡಿಕೊಂಡು ಸಭೆಗೆ ಬೇಗನೇ ಹೋದೆ. ಇವರಿಗೆ ನೆಗಡಿಯಂತೆ, ಬರಲಿಲ್ಲ. ಸಭೆ ಎಷ್ಟು ಸಪ್ಪೆ ಎಂದರೆ ನಡುವೆಯೇ ಎದ್ದು ಬಂದೆ. ಮೆಣಸಿನ ಕಷಾಯ ಮಾಡಿ ಮಹಡಿಗೆ ಕೊಂಡುಹೋದೆ. ನೆಗಡಿ ಅಂಥದ್ದೇನೂ ಕಾಣಲಿಲ್ಲ. ಆದರೂ ಕುಡಿದರು.

ಆಗಸ್ಟ್ ೧೭

ಕೇಂದ್ರ ಕಚೇರಿಯಿಂದ ವರ್ಗಾವಣೆಯ ಆದೇಶ ಬಂದಿದೆ. ತಿಂಗಳ ಕೊನೆಗೆ ಅಲ್ಲಿ ಹಾಜರಾಗಬೇಕು. ಸಾಹೇಬರು ಸಭೆಗೇ ಬಂದು, “ಇವತ್ತು ಒಪ್ಪಿಗೆ ಆಗ್ಲೇಬೇಕು” ಎಂದರು.

ಇವರು ಎದ್ದು ನಿಂತರು. ನಾನು ಪೆನ್ನು ಹಿಡಿದು ಕಾದೆ. ಅಟ್ಟಣೆಯ ಮೇಲೆ ಹಾಕಿಸಿದ ಬೆಂಚಿನ ವಿಷಯ ಎತ್ತುತ್ತಾರೆ ಎಂದುಕೊಂಡಿದ್ದೆ. ಬೆಂಚು ನಿಜಕ್ಕೂ ಸ್ವಲ್ಪ ಇಕ್ಕಟ್ಟು.

“ಸಂಘಕ್ಕೆ ಯಾವ ಆಕ್ಷೇಪಣೆಯೂ ಇಲ್ಲ” ಎಂದರು. “ಇಷ್ಟು ವರ್ಷದಲ್ಲಿ ಇಷ್ಟು ಮನಸ್ಸಿಟ್ಟು ಮಾಡಿದ ಕೆಲಸ ನಾನು ನೋಡಿಲ್ಲ. ಮೇಡಂ ಅವರನ್ನ ಇನ್ನು ತಡೆಯೋದು ನ್ಯಾಯ ಅಲ್ಲ.” ಸಹಿ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಬೇಕಾದದ್ದು ಸಿಕ್ಕಿತು. ಮನೆಗೆ ಬಂದು ಪಾತ್ರೆಗಳನ್ನೆಲ್ಲ ಕುಕ್ಕಿದೆ. ಹಾಲು ಉಕ್ಕಿಸಿದೆ. ಬೆಂಚಿನ ವಿಷಯ ಯಾಕೆ ಎತ್ತಲಿಲ್ಲ? ಕಂಬಿಗೆ ಒಂದು ವಾರ, ಮೆಟ್ಟಿಲಿಗೆ ಒಂದು ವಾರ, ಬೆಂಚಿಗೆ ಬಾಯಿಲ್ಲವೇ? ಜವಾಬ್ದಾರಿಯುತ ಕಾರ್ಯದರ್ಶಿ ಹೀಗೆ ಮಾಡಬಾರದು. ಸಿಟ್ಟಿನಿಂದ ತಲೆ ಸಿಡಿಯುತ್ತಿದೆ.

ಆಗಸ್ಟ್ ೧೮, ಭಾನುವಾರ

ಬೆಂಚಿನ ಅಳತೆ ತೆಗೆದುಕೊಳ್ಳಲು ಬೆಳಿಗ್ಗೆ ಅಟ್ಟಣೆಗೆ ಹೋದೆ. ಇವರೊಬ್ಬರೇ ಇದ್ದರು. ಬೇರೆಯವರು ಬರುವ ಮೊದಲೇ ಬಂದು ಗಾಳ ಹಾಕಿದ್ದರು.

“ತಪಾಸಣೆಗಾ?” ಎಂದರು.

“ಹೌದು. ಬೆಂಚು ಇಕ್ಕಟ್ಟು. ನಿನ್ನೆ ನೀವದನ್ನ ಹೇಳ್ಬೇಕಿತ್ತು.”

“ಹೊಳೀಲಿಲ್ಲ. ಹೊಳೆದಿದ್ದೆಲ್ಲ ಖಾಲಿ ಆಯ್ತು.” ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. “ಒಂದು ಉಳಿದಿತ್ತು. ಅದು ಸಭೆಯಲ್ಲಿ ಹೇಳೋ ಅಂಥದ್ದಲ್ಲ.”

“ಅಟ್ಟಣೆಗೆ ಸಂಬಂಧಪಟ್ಟಿದ್ದಾ?”

“ಅಲ್ಲ.” ಆಮೇಲೆ ನೀರನ್ನೇ ನೋಡುತ್ತಾ ಹೇಳಿದರು: “ಹೋಗ್ಬೇಡ.”

ಕೈಯಲ್ಲಿದ್ದ ಟೇಪನ್ನು ಬಿಚ್ಚಿ ಮತ್ತೆ ಸುತ್ತಿದೆ. ಏನಾದರೂ ಹೇಳಬೇಕಲ್ಲ ಎಂದು, “ಇದು ಸಂಘದ ಪರವಾಗಿ ಹೇಳ್ತಿರೋದಾ?” ಎಂದೆ.

“ನೀನು ಹೋದ್ರೆ ಸಂಘಕ್ಕೆ ಖುಷಿ. ಡಾಕ್ಟ್ರು ಆಗ್ಲೇ ಹಾರಕ್ಕೆ ಹೇಳಿದ್ದಾರೆ. ಇದು ನಾನು ಹೇಳ್ತಿರೋದು.”

ಬೆಂಡು ಒಂದು ಸಲ ಕುಣಿದು ಸರಕ್ಕನೆ ಒಳಗೆ ಹೋಯಿತು.

“ರೀ, ಬೆಂಡು ಮುಳುಗ್ತಿದೆ.”

“ಮುಳುಗ್ಲಿ ಬಿಡು.”

ಇಬ್ಬರೂ ಅಲ್ಲೇ ಕೂತಿದ್ದೆವು. ಹಲ್ಲಿನ ಡಾಕ್ಟರು ಬಂದು, ಕೋಲನ್ನು ಮೀನು ಎಳೆದುಕೊಂಡು ಹೋಗುತ್ತಿರುವುದನ್ನು ನೋಡಿ ಬೊಬ್ಬೆ ಹಾಕುವವರೆಗೂ.

ಆಗಸ್ಟ್ ೧೯

ವರ್ಗಾವಣೆಯ ಆದೇಶವನ್ನು ರದ್ದುಮಾಡಬೇಕೆಂದು ಕೋರಿ ಕೇಂದ್ರ ಕಚೇರಿಗೆ ಬರೆದೆ. ಕಾರಣ: ‘ಹೊಸದಾಗಿ ಅಳವಡಿಸಿದ ಆಸರೆಗಳಲ್ಲಿ ಮೀನುಗಳು ನೆಲೆ ನಿಲ್ಲುತ್ತವೆಯೇ ಎಂಬುದನ್ನು ಇನ್ನೂ ಕೆಲವು ವರ್ಷ ಗಮನಿಸಬೇಕಾಗಿದ್ದು, ಈ ಹಂತದಲ್ಲಿ ಅಧಿಕಾರಿಯನ್ನು ಬದಲಿಸುವುದು ಸೂಕ್ತವಲ್ಲ.’ ಇದು ಶುದ್ಧ ತಾಂತ್ರಿಕ ಕಾರಣ. ಯಾರು ಬೇಕಾದರೂ ಪರಿಶೀಲಿಸಬಹುದು.

ಕಳಿಸುವ ಮುಂಚೆ ಅತ್ತೆಗೆ ಓದಿ ಹೇಳಿದೆ. ಟೀ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

“ಮೀನು ಒಂದ್ಕಡೆ, ತೋರಿಸೋ ಜಾಗ ಇನ್ನೊಂದ್ಕಡೆ. ಯಾವಾಗ ಸೇರ್ದೆ ಕಣೇ ಗಾಳದ ಸಂಘಕ್ಕೆ?” ಎಂದರು.